ಹಿತ್ತಿಲ ಒಕ್ಕಲು

ಮಲೆನಾಡಿನ ಹಳೆಯ ಮನೆಯ ಹಿತ್ತಿಲಿನಲ್ಲಿ ತರಕಾರಿ ಮಡಿ, ಹೂವಿನ ಗಿಡಗಳ ಜೊತೆಗೆ ಇನ್ನೂ ಬಹಳಷ್ಟು ಇರುತ್ತಿತ್ತು. ಬಚ್ಚಲು ನೀರು ಹರಿದು ನಿಲ್ಲುವ ಕೆಸುವಿನ ಹೊಂಡ, ಸೌದೆ ಕೊಟ್ಟಿಗೆ, ಹುಲ್ಲುಕುತ್ರಿ, ಗೊಬ್ಬರಗುಂಡಿ, ದಾಸವಾಳ ಕತ್ತಾಳೆಗಳ ಬೇಲಿ, ಬೇಲಿಯಾಚೆ ಅಡಿಕೆ ತೋಟ, ತೋಟದ ನೆತ್ತಿಯ ಮೇಲೆ ಸೊಪ್ಪಿನ ಬೆಟ್ಟ, ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮನೆ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಪಹಣಿ ನೋಡಿ ಹೇಳಬಹುದಿತ್ತೇ ಹೊರತು ಕಣ್ಣಿಂದ ನೋಡಿ ಹೇಳುವಂತಿರಲಿಲ್ಲ. 1970ರ ದಶಕದಲ್ಲಿ ಸಾಗರ ಸೀಮೆಯ ಅಂಥ ಮನೆಗಳಲ್ಲಿ ಬೆಳೆದ ಮಕ್ಕಳು ಹುಲಿ, ಕಾಟಿಗಳ ಕಥೆಗಳನ್ನು ಹಿರಿಯರ ಬಾಯಲ್ಲಿ ಕೇಳಿದ್ದರು. ದಿನಾ ಒಡನಾಟವಿದ್ದದ್ದು ಮಾತ್ರ ಗೇಣುದ್ದದಿಂದ ಮೊಳದುದ್ದದವರೆಗಿನ ಪ್ರಾಣಿಗಳ ಜೊತೆ. ಅವಕ್ಕೆ ಹಿತ್ತಿಲು ಬಂದು ಹೋಗುವ ಜಾಗವಾಗಿರಲಿಲ್ಲ. ಅವು ಅಲ್ಲೇ ಹುಟ್ಟಿ, ಅಲ್ಲೇ ಮರಿ ಹಾಕಿ, ಮನೆಯವರಿಗೆ ಗೇಣಿ ಕೊಡದೆ ಬದುಕಿದ ಒಕ್ಕಲು.

ಒಡನಾಟ ಎಂದರೂ ಕಣ್ಣಿಗೆ ಬೀಳುತ್ತಿದ್ದದ್ದು ಕಡಿಮೆ. ಈ ಪ್ರಾಣಿಗಳಲ್ಲಿ ಹೆಚ್ಚಿನವು ಇರುಳಿನವು, ಇಲ್ಲವೇ ಮುಸ್ಸಂಜೆಯವು. ಬೆಳಗ್ಗೆ ಎದ್ದವರಿಗೆ ಸಿಗುತ್ತಿದ್ದದ್ದು ಕಚ್ಚಿ ಬಿಟ್ಟ ಪೇರಲೆ, ಕೆದರಿದ ಮಣ್ಣು, ಚಪ್ಪಡಿ ಕಲ್ಲಿನ ಮೇಲಿನ ಹಿಕ್ಕೆ, ಎಲ್ಲಿಂದಲೋ ಬರುವ ವಾಸನೆ. ಆ ಗುರುತುಗಳನ್ನು ಓದುವ ವಿದ್ಯೆ ಮನೆಯ ಹೆಂಗಸರಿಗೆ ಮತ್ತು ತೋಟದ ಆಳುಗಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಕಾಗದದ ಮೇಲೆ ಇಳಿಸಿದವರು ಅಪರೂಪ. ಧಾರವಾಡ ಸೀಮೆಯಲ್ಲಿದ್ದ ವಾಲ್ಟರ್ ಎಲಿಯಟ್ ಎಂಬ ಕಂಪನಿ ಅಧಿಕಾರಿ 1839ರಲ್ಲಿ ಆ ಭಾಗದ ಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಅದರಲ್ಲಿ ಊರವರು ಹೇಳುವ ಹೆಸರುಗಳನ್ನೂ ಬರೆದುಕೊಂಡ. 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕಿದ್ದವನು ಇದೇ ಎಲಿಯಟ್. ಗದ್ದೆ ಇಲಿಯ ಬಿಲವನ್ನು ವಡ್ಡರು ಅಗೆದು, ಇಲಿಯ ಜೊತೆಗೆ ಅದು ಕೂಡಿಟ್ಟ ಕಾಳನ್ನೂ ಊಟಕ್ಕೆ ಒಯ್ಯುತ್ತಿದ್ದರು ಎಂಬಂಥ ವಿವರಗಳು ಅವನಿಗೆ ಸಿಕ್ಕಿದ್ದು ಆ ಜನರಿಂದಲೇ. ಪುಸ್ತಕ ಓದಿ ಪ್ರಾಣಿ ಗುರುತಿಸುವವರಿಗಿಂತ ಬಿಲ ಅಗೆದವರಿಗೆ ಹೆಚ್ಚು ಗೊತ್ತಿರುತ್ತದೆ ಎಂಬುದು ಅವನಿಗೆ ತಿಳಿದಿತ್ತು.

ಒಕ್ಕಲಿನ ಲೆಕ್ಕವನ್ನು ಮಾಡಿನಿಂದ ಶುರುಮಾಡಬಹುದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಲೆನಾಡಿನ ಸೋಗೆ ಮಾಡುಗಳು ನಿಧಾನವಾಗಿ ಹಂಚಿನ ಮಾಡುಗಳಾದವು. ಹಂಚಿಗೂ ರೀಪಿಗೂ ನಡುವೆ ಉಳಿಯುವ ಎರಡು ಬೆರಳಿನ ಸಂದು ಕಣ್ಕಪ್ಪಡಿಗಳಿಗೆ ಸಾಕು. ಹೆಬ್ಬೆರಳಿನಷ್ಟು ಮೈ, ಕೆಲವೇ ಗ್ರಾಂ ತೂಕದ ಈ ಪುಟ್ಟ ಬಾವಲಿಗಳು ದೀಪ ಹಚ್ಚುವ ಹೊತ್ತಿಗೆ ಸಾಲಾಗಿ ಹೊರಬಿದ್ದು ಅಂಗಳದ ಮೇಲೆ ಸೊಳ್ಳೆ, ನುಸಿ, ಹಾತೆಗಳನ್ನು ಹಿಡಿಯುತ್ತಾ ಸುತ್ತುತ್ತವೆ. ಕೆಳಗೆ ಬೀಳುವ ಕಪ್ಪು ಹಿಕ್ಕೆಯನ್ನು ಇಲಿಯದೆಂದು ಬೈದುಕೊಂಡು ಗುಡಿಸುವವರೇ ಹೆಚ್ಚು. ಎರಡು ಬೆರಳ ನಡುವೆ ಹಿಡಿದು ತಿಕ್ಕಿದರೆ ವ್ಯತ್ಯಾಸ ತಿಳಿಯುತ್ತದೆ. ಇಲಿಯದು ಗಟ್ಟಿ. ಕಣ್ಕಪ್ಪಡಿಯದು ಪುಡಿಪುಡಿಯಾಗಿ, ಹುಳುಗಳ ರೆಕ್ಕೆ ಕಾಲುಗಳ ಚೂರು ಮಿರುಗುತ್ತವೆ.

ಅದೇ ಮಾಡಿನಲ್ಲಿ ಇಲಿಗಳೂ ಇದ್ದವು. ಅವುಗಳ ವಿಷಯದಲ್ಲಿ ಹಿರಿಯರಿಗೆ ಕಿರಿಕಿರಿಗಿಂತ ಹೆಚ್ಚಾಗಿ ಭಯವಿತ್ತು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ದಶಕಗಳ ಕಾಲ ರಾಜ್ಯದ ಊರೂರುಗಳಲ್ಲಿ ಮರುಕಳಿಸಿತು. ಮಾಡಿನಿಂದ ಇಲಿ ತಾನಾಗಿ ಬಿದ್ದು ಸತ್ತರೆ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಕಾಲ ಕಂಡಿದ್ದ ಅಜ್ಜಿಯರು 1970ರ ದಶಕದಲ್ಲೂ ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಲು ಮಕ್ಕಳಿಗೆ ಬಿಡುತ್ತಿರಲಿಲ್ಲ.

ಅಟ್ಟದ ನಿಜವಾದ ಯಜಮಾನ ಕಬ್ಬೆಕ್ಕು. ಹೆಸರಿನಲ್ಲಿ ಬೆಕ್ಕು ಇದ್ದರೂ ಅದು ಬೆಕ್ಕಿನ ಜಾತಿಯದಲ್ಲ, ಪುನುಗಿನ ಕುಟುಂಬದ್ದು. ಬೂದುಗಪ್ಪು ಮೈ, ಬೆನ್ನಿನ ಮೇಲೆ ಮಸುಕು ಗೆರೆ, ಕಣ್ಣ ಸುತ್ತ ಕಪ್ಪು ಪಟ್ಟಿ, ಮೈಯಷ್ಟೇ ಉದ್ದದ ಬಾಲ, ತೂಕ ಮೂರರಿಂದ ಐದು ಕಿಲೋ. ರಾತ್ರಿ ಊಟ ಮುಗಿದು ದೀಪ ಆರಿಸಿದ ಮೇಲೆ ನಾಗಂದಿಗೆಯ ಮೇಲ್ಗಡೆ ಯಾರೋ ಭಾರವಾಗಿ ನಡೆದ ಸದ್ದು, ಆಮೇಲೆ ಹಂಚು ಸರಿದ ಸದ್ದು. ಎಷ್ಟೋ ಮನೆಗಳ ಅಟ್ಟದಲ್ಲಿ ದೆವ್ವ ಇದೆ ಎಂಬ ಸುದ್ದಿಯ ಮೂಲ ಈ ಪ್ರಾಣಿಯೇ ಇರಬೇಕು. ಮನೆಯಲ್ಲಿ ವಯಸ್ಸಾದವರು ಮಾತ್ರ ಹೆದರುತ್ತಿರಲಿಲ್ಲ. ಮೂಗು ಎತ್ತಿ ವಾಸನೆ ಹಿಡಿದು, ‘ಕಬ್ಬೆಕ್ಕು, ಮಲಗ್ರೋ’ ಎಂದು ಮಗ್ಗುಲು ಬದಲಿಸುತ್ತಿದ್ದರು. ಅದರ ಗ್ರಂಥಿಯ ವಾಸನೆ ಸಣ್ಣಕ್ಕಿ ಅನ್ನ ಬೆಂದಾಗ ಬರುವ ಪರಿಮಳದಂತೆ ಇರುತ್ತದೆ. ಆದ್ದರಿಂದ ಅಡಿಗೆಮನೆ ಒಲೆ ಆರಿದ ಹೊತ್ತಿನಲ್ಲಿ ಅನ್ನದ ಘಮ ಬಂದರೆ ಅನುಮಾನವಿರುತ್ತಿರಲಿಲ್ಲ.

ಅಡಿಕೆ ಚೀಲ, ಹಳೆ ಕಂಬಳಿ, ತೂತು ಬಿದ್ದ ತಾಮ್ರದ ಹಂಡೆ ಇವುಗಳ ನಡುವೆ ಅದು ಮೂರು ನಾಲ್ಕು ಮರಿ ಹಾಕುತ್ತಿತ್ತು. ಅಡಿಕೆ ತೆಗೆಯಲು ಏಣಿ ಹತ್ತಿದವರಿಗೆ ಕಂಬಳಿಯ ಮಡಿಕೆಯೊಳಗೆ ಕಪ್ಪು ಉಂಡೆಗಳಂತೆ ಮಲಗಿದ್ದ ಮರಿಗಳು ಕಂಡದ್ದುಂಟು. ಒಮ್ಮೆ ಕಂಡ ಮೇಲೆ ಆ ಕಂಬಳಿ ಅಲ್ಲೇ ಉಳಿಯುತ್ತಿತ್ತು, ಕೆಲವು ದಿನಗಳಲ್ಲಿ ತಾಯಿ ತಾನೇ ಮರಿಗಳನ್ನು ಕಚ್ಚಿ ಬೇರೆಡೆಗೆ ಸಾಗಿಸುತ್ತಿತ್ತು.

ಕಬ್ಬೆಕ್ಕಿನ ಊಟದ ಲೆಕ್ಕವನ್ನು ಅದರ ಹಿಕ್ಕೆಯೇ ಒಪ್ಪಿಸುತ್ತದೆ. ಅದು ಮರೆಯಲ್ಲಿ ಹಿಕ್ಕೆ ಹಾಕುವ ಪ್ರಾಣಿಯಲ್ಲ. ಬಾವಿಕಟ್ಟೆ, ಚಪ್ಪಡಿ, ಪಾಗಾರದ ತುದಿ ಹೀಗೆ ತೆರೆದ ಜಾಗವೇ ಬೇಕು, ಅದೂ ದಿನವೂ ಅದೇ ಜಾಗ. ಅಲ್ಲಿ ಕಾಫಿ ಬೀಜ, ಪೇರಲೆ ಬೀಜ, ಬಗನಿ ಮರದ ಬೀಜ ತೊಳೆದಿಟ್ಟಂತೆ ಸಿಗುತ್ತವೆ. ಬಗನಿ ಹಣ್ಣಿನ ರಸ ಮನುಷ್ಯರ ಕೈಗೆ ತಾಗಿದರೆ ತುರಿಕೆ ತಡೆಯಲಾಗದು. ಕಬ್ಬೆಕ್ಕಿಗೆ ಅದು ಹಬ್ಬದೂಟ. ಯಾರೂ ನೆಡದಿದ್ದರೂ ತೋಟದ ಅಂಚಿನಲ್ಲಿ ಬಗನಿ ಗಿಡ ಎದ್ದದ್ದಕ್ಕೆ ಇದೇ ಕಾರಣ. ಹಿಕ್ಕೆಯಿಂದ ಆರಿಸಿದ ಕಾಫಿ ಬೀಜಕ್ಕೆ ಇಂಡೋನೇಷ್ಯಾದಲ್ಲಿ ಕೋಪಿ ಲುವಾಕ್ ಎಂದು ಹೆಸರು, ವಿಪರೀತ ಬೆಲೆ. ಅದಕ್ಕಾಗಿ ಅಲ್ಲಿ ಪ್ರಾಣಿಯನ್ನು ಗೂಡಿನಲ್ಲಿ ಕೂಡಿಹಾಕಿ ಹಣ್ಣು ತಿನ್ನಿಸುವ ದಂಧೆಯೂ ಬೆಳೆಯಿತು. ಹೊರಗೆ ತಿರುಗಾಡಿ ನೂರು ಬಗೆ ತಿನ್ನುವ ಪ್ರಾಣಿಗೆ ಒಂದೇ ಹಣ್ಣು ತುರುಕಿ ತೆಗೆದ ಕಾಫಿಯ ರುಚಿಯನ್ನು ಹೊಗಳುವುದು ನಾಚಿಕೆಗೇಡು.

ಇದರ ದಾಯಾದಿ ಪುನುಗು ಬೆಕ್ಕು ನೆಲದ ಮೇಲೇ ಹೆಚ್ಚು ಓಡಾಡುತ್ತದೆ. ಮೈಮೇಲೆ ಸಾಲು ಚುಕ್ಕೆ, ಬಾಲಕ್ಕೆ ಉಂಗುರಗಳು. ತಿರುಮಲೆಯ ಮೂಲವಿಗ್ರಹಕ್ಕೆ ಶುಕ್ರವಾರದ ಅಭಿಷೇಕದ ನಂತರ ಲೇಪಿಸುವ ಪುನುಗು ಸಿಗುವುದು ಇದರ ಗ್ರಂಥಿಯಿಂದ. ಹಿತ್ತಿಲಿನಲ್ಲಿ ಅದಕ್ಕೆ ಅಂಥ ಗೌರವವೇನೂ ಇರಲಿಲ್ಲ, ಕೋಳಿ ಗೂಡಿನ ಸುತ್ತ ಕಂಡರೆ ಕೋಲು ಬೀಳುತ್ತಿತ್ತು.

ಅಟ್ಟದಿಂದ ಇಳಿದರೆ ಬಚ್ಚಲುಮನೆ. ಅಲ್ಲಿಯದು ಸುಂಡಿಲಿ. ಮೂಗಿಲಿ ಎಂದೂ ಕರೆಯುತ್ತಾರೆ. ಇಲಿ ಎಂಬ ಹೆಸರು ಅಂಟಿಕೊಂಡದ್ದರಿಂದ ಅದು ತಿಂದಷ್ಟು ಪೆಟ್ಟು ಬೇರೆ ಯಾವ ಪ್ರಾಣಿಯೂ ತಿಂದಿರಲಾರದು. ಇಲಿಗೆ ಇರುವ ಕೊರೆಯುವ ಬಾಚಿಹಲ್ಲು ಇದಕ್ಕಿಲ್ಲ. ಅಕ್ಕಿ ಚೀಲ ಕಡಿಯುವುದಿಲ್ಲ, ಬಟ್ಟೆ ಹರಿಯುವುದಿಲ್ಲ. ಇದು ಹುಳು ತಿನ್ನುವ ಗುಂಪಿನದು, ಜಿರಲೆ, ಎರೆಹುಳು, ಜರಿಹುಳು ಇದರ ಆಹಾರ. ಮೈಯ ಎರಡೂ ಪಕ್ಕದ ಗ್ರಂಥಿಗಳಿಂದ ಬರುವ ಗಬ್ಬುನಾತ ಇದರ ರಕ್ಷಣೆ. ಬೆಕ್ಕು ಆಟಕ್ಕೆ ಹಿಡಿದು ಕೊಂದರೂ ತಿನ್ನದೆ ಅಂಗಳದಲ್ಲೇ ಬಿಟ್ಟು ಹೋಗುತ್ತದೆ. ಕಣ್ಣು ಸಾಸಿವೆಯಷ್ಟು. ಗೋಡೆಗೆ ಒತ್ತಿಕೊಂಡು, ಉದ್ದ ಮೂತಿಯನ್ನು ಅಲುಗಾಡಿಸುತ್ತಾ, ಚಿಕ್ ಚಿಕ್ ಎಂದು ಕೂಗುತ್ತಾ, ನೀರು ಹೋಗುವ ಕಿಂಡಿಯಿಂದ ಬಂದು ಅದೇ ಕಿಂಡಿಯಿಂದ ಹೋಗುತ್ತದೆ.

ಸುಂಡಿಲಿಯ ಸಂಸಾರ ಹೊರಟದ್ದನ್ನು ಕಂಡವರು ಅದನ್ನು ಮರೆಯುವುದಿಲ್ಲ. ಹಂಡೆ ಒಲೆಯ ಹಿಂದೆ ತೆಂಗಿನ ಮಟ್ಟೆಯ ರಾಶಿಯಲ್ಲಿ ಗೂಡು. ಮಟ್ಟೆ ಎಳೆದಾಗ ತಾಯಿ ಹೊರಗೆ ಬರುತ್ತದೆ. ಮೊದಲ ಮರಿ ತಾಯಿಯ ಬಾಲದ ಬುಡದ ಕೂದಲನ್ನು ಬಾಯಲ್ಲಿ ಹಿಡಿದಿರುತ್ತದೆ, ಎರಡನೆಯದು ಮೊದಲನೆಯದನ್ನು, ಮೂರನೆಯದು ಎರಡನೆಯದನ್ನು. ಇಡೀ ಸಾಲು ಒಂದೇ ಮೈಯಂತೆ ಗೋಡೆಯ ಅಂಚಿನಲ್ಲಿ ಸಾಗುತ್ತದೆ. ನೋಡದವರು ಹಾವಿನ ಮರಿ ಎಂದು ಕಿರುಚಿದ ಪ್ರಸಂಗಗಳಿವೆ. ತಾಯಿಯನ್ನು ಎತ್ತಿದರೆ ಮರಿಗಳೂ ಜೋತುಕೊಂಡೇ ಮೇಲೆ ಬರುವಷ್ಟು ಬಿಗಿಯಾದ ಹಿಡಿತ ಅದು.

ಸೌದೆ ಕೊಟ್ಟಿಗೆಯಲ್ಲಿ, ಹುಲ್ಲುಕುತ್ರಿಯ ಬುಡದಲ್ಲಿ ಹೆಗ್ಗಣ. ಅದರ ಬಗ್ಗೆ ಒಳ್ಳೆಯ ಮಾತು ಆಡಿದವರಿಲ್ಲ, ಈ ಬರಹವೂ ಆಡುವುದಿಲ್ಲ. ಮನೆಯ ತಳಪಾಯವನ್ನೇ ತೋಡುವ ಪ್ರಾಣಿ, ಬಾಳೆಗಡ್ಡೆ, ಕೆಸುವಿನ ಗಡ್ಡೆ ಯಾವುದನ್ನೂ ಉಳಿಸದು.

ಬೇಲಿಯ ಬುಡದ ಕಲ್ಲುಕಟ್ಟಣೆ ಮುಂಗುಸಿಯದು. ಹಗಲಿನಲ್ಲಿ ಕಾಣುವ ಕೆಲವೇ ಪ್ರಾಣಿಗಳಲ್ಲಿ ಒಂದಾದ್ದರಿಂದ ಮಕ್ಕಳಿಗೆ ಇದರ ಪರಿಚಯ ಚೆನ್ನಾಗಿತ್ತು. ಬೆಳಗ್ಗೆ ಹತ್ತರ ಬಿಸಿಲಿಗೆ ಬಾಲವನ್ನು ನೆಲಕ್ಕೆ ಸಮನಾಗಿ ಚಾಚಿ ಅಂಗಳ ದಾಟುತ್ತಿತ್ತು, ನಡುವೆ ನಿಂತು ಹಿಂಗಾಲ ಮೇಲೆದ್ದು ನೋಡುತ್ತಿತ್ತು. ಹಾವಿನ ವಿಷ ಅದಕ್ಕೆ ಏರುವುದೇ ಇಲ್ಲ, ಕಚ್ಚಿಸಿಕೊಂಡರೆ ಯಾವುದೋ ಬೇರು ತಿಂದು ಗುಣವಾಗುತ್ತದೆ ಎಂಬ ಮಾತು ಇಂದಿಗೂ ಇದೆ. ಬೇರಿನ ಕಥೆ ಸುಳ್ಳು. ನಾಗರ ವಿಷದ ಒಂದು ಭಾಗ ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡು ಉಸಿರು ನಿಲ್ಲಿಸುತ್ತದೆ. ಮುಂಗುಸಿಯ ಗ್ರಾಹಕಗಳ ರಚನೆ ಬದಲಾಗಿರುವುದರಿಂದ ವಿಷ ಅಲ್ಲಿ ಸರಿಯಾಗಿ ಅಂಟುವುದಿಲ್ಲ. ಹಾಗೆಂದು ಎಷ್ಟು ವಿಷವನ್ನಾದರೂ ಅದು ತಡೆದುಕೊಳ್ಳುವುದಿಲ್ಲ. ಅದನ್ನು ಉಳಿಸುವುದು ಹೆಚ್ಚಾಗಿ ಅದರ ಚುರುಕು ಮತ್ತು ನಿಗುರಿದ ಕೂದಲು. ಆ ಕೂದಲೇ ಅದಕ್ಕೆ ಶತ್ರುವೂ ಆಯಿತು. ಚಿತ್ರಕಾರರ ಕುಂಚಕ್ಕೆಂದು ಮುಂಗುಸಿಗಳನ್ನು ಕೊಲ್ಲುವ ಕಳ್ಳವ್ಯಾಪಾರ ದೇಶದಲ್ಲಿ ನಡೆದುಕೊಂಡೇ ಬಂದಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಅದು ಅಪರಾಧ. ತೋಟದ ಹಳ್ಳದ ಬದಿಯಲ್ಲಿ ಇನ್ನೊಂದು, ಇದಕ್ಕಿಂತ ದೊಡ್ಡ ಮುಂಗುಸಿ ಅಪರೂಪಕ್ಕೆ ಕಾಣುತ್ತಿತ್ತು. ಕೆಂಚು ಮೈ, ಕುತ್ತಿಗೆಯ ಪಕ್ಕದಲ್ಲಿ ಕಪ್ಪು ಪಟ್ಟೆ, ಏಡಿ ಹಿಡಿಯುವುದರಲ್ಲಿ ಗಟ್ಟಿಗ.

ಮರಗಳಿಗೆ ಬಂದರೆ ಅಳಿಲು. ತೆಂಗಿನ ನಾರು, ಬಾಳೆಯ ಒಣ ಸಿಪ್ಪೆ, ಹಾಸಿಗೆಯಿಂದ ಕಿತ್ತ ಹತ್ತಿ ಸೇರಿಸಿ ಜಂತಿಯ ಮೂಲೆಯಲ್ಲೋ ದಾಸವಾಳದ ಕವಲಿನಲ್ಲೋ ಗೂಡು ಕಟ್ಟುತ್ತದೆ. ಸುಮಾರು 34 ದಿನಕ್ಕೆ ಮರಿ. ಬೆಕ್ಕು ಹಿತ್ತಿಲಿಗೆ ಕಾಲಿಟ್ಟರೆ ಬಾಲ ಜರ್ಕಿಸುತ್ತಾ ಗಂಟಲು ಹರಿಯುವಂತೆ ಕೂಗುತ್ತದೆ, ಹಾವು ಬಂದಾಗಲೂ ಅಷ್ಟೇ. ಮನೆಯ ಹೆಂಗಸರು ಆ ಕೂಗು ಕೇಳಿ ಸೌದೆ ತರುವುದನ್ನು ಸ್ವಲ್ಪ ಹೊತ್ತು ಮುಂದೂಡುತ್ತಿದ್ದರು. ಕೋಕೋ ಬೆಳೆ ಬಂದ ಮೇಲೆ ಅಳಿಲಿನ ಹೆಸರು ಕೆಟ್ಟಿತು. ಕಾಯಿಗೆ ತೂತು ಹೊಡೆದು ಒಳಗಿನ ಸಿಹಿ ಲೋಳೆಯನ್ನು ತಿನ್ನುವ ಚಟ ಅದಕ್ಕೆ ಬೇಗ ಹತ್ತಿತು.

ತೋಟದ ನೆತ್ತಿಯ ದೊಡ್ಡ ಮರಗಳಿಂದ ಕೆಂದಳಿಲು ಇಳಿದು ಬರುವುದು ಹಲಸು ಹಣ್ಣಾದಾಗ. ಬಾಲ ಸೇರಿ ಮೂರಡಿ ಉದ್ದದ ಆ ಪ್ರಾಣಿ ಹಿಂಗಾಲಿನಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ತಿನ್ನುತ್ತದೆ. ಕತ್ತಲಾದ ಮೇಲೆ ಅದೇ ಮರ ಹಾರುಬೆಕ್ಕಿನದು. ಅದೂ ಬೆಕ್ಕಲ್ಲ, ಅಳಿಲೇ. ಮುಂಗಾಲಿನಿಂದ ಹಿಂಗಾಲಿಗೆ ಹಬ್ಬಿದ ಚರ್ಮವನ್ನು ಬಿಡಿಸಿ ಹಲಸಿನ ನೆತ್ತಿಯಿಂದ ತೋಟದಾಚೆಯ ಮಾವಿನ ಬೊಡ್ಡೆಗೆ ತೇಲಿ ಇಳಿಯುತ್ತದೆ, ರೆಕ್ಕೆ ಬಡಿತದ ಸದ್ದು ಇರುವುದಿಲ್ಲ. ಇಳಿದ ಮೇಲೆ ಬೊಡ್ಡೆಗೆ ಉಗುರು ತಾಗುವ ಪರಪರ ಶಬ್ದವೊಂದೇ.

ನಿಜವಾಗಿ ಹಾರುವ ಸ್ತನಿ ಬಾವಲಿಗಳು. ಗಿಡ್ಡಮೂಗಿನ ಹಣ್ಣು ಬಾವಲಿಯ ಗಂಡು, ಬಗನಿಯ ಗೊನೆ ಎಳೆಗಳನ್ನೋ ಅಂಗಳದ ಬಳ್ಳಿಯ ದಟ್ಟ ಎಲೆಗಳನ್ನೋ ಕಚ್ಚಿ ಮುರಿದು ಡೇರೆ ಮಾಡಿಕೊಳ್ಳುತ್ತದೆ, ಹೆಣ್ಣುಗಳು ಅಲ್ಲಿಗೆ ಬಂದು ಸೇರುತ್ತವೆ. ಗೋಟಾಗುವ ಮುಂಚೆ ಹಣ್ಣಾದ ಅಡಿಕೆಯ ಸಿಪ್ಪೆಯಲ್ಲಿ ಸಿಹಿ ರಸವಿರುತ್ತದೆ. ಬಾವಲಿ ಅದನ್ನು ಜಗಿದು ಒಳಗಿನ ಅಡಿಕೆಯನ್ನು ಉದುರಿಸುತ್ತದೆ. ಅದು ಕುಳಿತು ತಿನ್ನುವ ಮರದ ಬುಡದಲ್ಲಿ ಮಕ್ಕಳು ಮುಂಜಾನೆ ಹಕ್ಕಲು ಆಯ್ದು, ಕೂಡಿಟ್ಟು, ಅಂಗಡಿಯಲ್ಲಿ ಕೊಟ್ಟು ಪೆಪ್ಪರ್‌ಮಿಂಟು ತಿಂದದ್ದಿದೆ. ಬಾಳೆಯ ಒಣಗಿ ಜೋತ ಎಲೆಗಳ ಸುರುಳಿಯೊಳಗೆ ಇನ್ನೊಂದು ಬಾವಲಿ ಇರುತ್ತದೆ, ಹೆಚ್ಚಿನವರು ಜೀವಮಾನದಲ್ಲಿ ನೋಡದ್ದು. ಬಣ್ಣದ ಬಾವಲಿ. ಕಿತ್ತಳೆ ಮೈ, ಕಪ್ಪು ರೆಕ್ಕೆ, ರೆಕ್ಕೆಯ ಮೇಲೆ ಬೆರಳುಗಳ ಉದ್ದಕ್ಕೂ ಕಿತ್ತಳೆ ಗೆರೆ. ಒಣ ಎಲೆಯ ನಡುವೆ ಅದೂ ಒಣ ಎಲೆಯೇ. ತೋಟ ಚೊಕ್ಕ ಮಾಡುವಾಗ ತರಗು ಎಳೆದಾಗಲೇ ಅದು ಹಾರುವುದು. ಹಣ್ಣು ಬಾವಲಿಗಳು ಬಹುಕಾಲ ಕಾಯ್ದೆಯಲ್ಲಿ ಕಾಗೆ, ಇಲಿಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಬಾವಲಿ ಕಚ್ಚಿದ ಹಣ್ಣನ್ನು ಮಕ್ಕಳಿಗೆ ಕೊಡುವುದು ನಿಂತಿತು. ಅದು ಸರಿಯೇ. ಅದೇ ನೆಪದಲ್ಲಿ ಬಾವಲಿ ಕೂರುವ ಮರ ಕಡಿಯುವುದು ಮೂರ್ಖತನ.

ಬೇಲಿ ದಾಟಿ ಬರುವವರಲ್ಲಿ ಮುಳ್ಳುಹಂದಿಯಷ್ಟು ನಷ್ಟ ಮಾಡಿದ ಪ್ರಾಣಿ ಇನ್ನೊಂದಿಲ್ಲ. ಸುವರ್ಣಗಡ್ಡೆ, ಗೆಣಸು, ಎಳೆ ತೆಂಗಿನ ಸಸಿಯ ಸುಳಿ, ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಮುಳ್ಳು ಎಸೆಯುತ್ತದೆ ಎಂಬುದು ಕಟ್ಟುಕಥೆ. ಬಾಲದ ಟೊಳ್ಳು ಮುಳ್ಳುಗಳನ್ನು ಗಲಗಲ ಅಲುಗಿಸಿ ಹೆದರಿಸುತ್ತದೆ, ಬಗ್ಗದಿದ್ದರೆ ಹಿಮ್ಮುಖವಾಗಿ ನುಗ್ಗುತ್ತದೆ, ಆಗ ಮುಳ್ಳು ಎದುರಾಳಿಯ ಮೈಯಲ್ಲಿ ಉಳಿಯುತ್ತದೆ. ಅಗಳದ ಬದಿಯಲ್ಲಿ ಉದುರಿದ ಕಪ್ಪು ಬಿಳುಪು ಮುಳ್ಳನ್ನು ಹೆಂಗಸರು ಎತ್ತಿ ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದರು. ಸೀಮಂತದಲ್ಲಿ ಬಸುರಿಯ ಬೈತಲೆ ತೆಗೆಯಲು ಗಂಡನ ಕೈಗೆ ಕೊಡುವುದು ಮುಳ್ಳುಹಂದಿಯ ಮುಳ್ಳನ್ನೇ. ಗಡ್ಡೆ ತಿಂದ ರಾತ್ರಿ ಶಾಪ ಹಾಕಿದವರೇ ಮುಳ್ಳು ಬೇಕಾದಾಗ ಅಕ್ಕಪಕ್ಕದ ಮನೆಗಳಲ್ಲಿ ಕೇಳಿ ತರುತ್ತಿದ್ದರು.

ಮೊಲ ಗದ್ದೆಯಂಚಿನದು, ಬಿಲ ತೋಡದೆ ಹುಲ್ಲಿನ ತಗ್ಗಿನಲ್ಲೇ ಮಲಗುತ್ತದೆ. ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ಬರಿಂಕ ಮತ್ತು ಚಿಪ್ಪುಹಂದಿ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು.

ಸೊಪ್ಪಿನ ಬೆಟ್ಟದ ವಿಷಯ ಬೇರೆ. ದರಕು ಗುಡಿಸಿ, ಸೊಪ್ಪು ಕಡಿದು ಕೊಟ್ಟಿಗೆಗೆ ತರುವ ಆ ಜಾಗದ ಉಣ್ಣೆಗಳು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವಂಥವು. ಮಂಗಗಳ ಸಾವು ಕಣ್ಣಿಗೆ ಬೀಳುವುದರಿಂದ ಕಾಯಿಲೆಗೆ ಅವುಗಳ ಹೆಸರು ಬಂತು. ಉಣ್ಣೆಯ ಮರಿಗಳಿಗೆ ರಕ್ತ ಕೊಟ್ಟು ಸಾಕುವವರಲ್ಲಿ ಕಾಡಿಲಿ, ಸುಂಡಿಲಿ, ಅಳಿಲುಗಳೂ ಇವೆ. ಬೇಸಗೆಯಲ್ಲಿ ಬೆಟ್ಟಕ್ಕೆ ಹೋಗಿಬಂದವರು ಬಚ್ಚಲಿಗೆ ಹೋಗಿ ಬಿಸಿನೀರು ಹೊಯ್ದುಕೊಂಡ ಮೇಲೇ ಒಳಗೆ ಬರಬೇಕೆಂಬ ಕಟ್ಟುಪಾಡು ಆ ಸೀಮೆಯಲ್ಲಿ ಬಿಗಿಯಾದದ್ದು ಆ ವರ್ಷಗಳಲ್ಲಿ.

ಹಿತ್ತಿಲಿನ ಚಹರೆ ಬದಲಾದಂತೆ ಒಕ್ಕಲೂ ಬದಲಾಯಿತು. ಗೋಬರ್ ಗ್ಯಾಸು, ಆಮೇಲೆ ಸಿಲಿಂಡರು ಬಂದು ಸೌದೆ ಕೊಟ್ಟಿಗೆ ಖಾಲಿಯಾಯಿತು. ಹಂಚು ಇಳಿಸಿ ತಾರಸಿ ಹಾಕಿದ ಮನೆಯಲ್ಲಿ ಕಣ್ಕಪ್ಪಡಿಗೆ ಸಂದಿಲ್ಲ, ಕಬ್ಬೆಕ್ಕಿಗೆ ಅಟ್ಟವಿಲ್ಲ. ಕತ್ತಾಳೆ ಬೇಲಿಯ ಜಾಗಕ್ಕೆ ಬಂದ ಕಾಂಪೌಂಡು ಗೋಡೆಯಲ್ಲಿ ಮುಂಗುಸಿ ನುಗ್ಗುವ ಕಂಡಿಯಿಲ್ಲ. ಹಾಗೆಂದು ಎಲ್ಲ ಹೋದವೆಂದು ಅಳುವಂತೆಯೂ ಇಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳ ಮಾಡುಗಳಲ್ಲಿ ಇಂದಿಗೂ ಕಬ್ಬೆಕ್ಕು ಸಂಸಾರ ಮಾಡುತ್ತದೆ. ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲಿ ಕಾಡುಪಾಪಗಳಿವೆ. ಸಾರ್ವಜನಿಕರನ್ನು ಸೇರಿಸಿಕೊಂಡು ಇವುಗಳನ್ನು ಹುಡುಕಿ ಎಣಿಸುವ ಕೆಲಸ ಅಲ್ಲಿ 2014ರಿಂದ ನಡೆದಿದೆ. ನೆಲಕ್ಕಿಳಿಯಲು ಹಿಂಜರಿಯುವ ಆ ಪ್ರಾಣಿಗೆ ಬೇಕಾದದ್ದು ಕೊಂಬೆಗೆ ಕೊಂಬೆ ತಾಗುವ ಮರಗಳ ಸಾಲು.

ಈಗ ಹಿತ್ತಿಲಿನ ಸಣ್ಣ ಪ್ರಾಣಿಗಳಿಗೆ ಬೇಟೆಗಾರನ ಕೋವಿಗಿಂತ ಅಂಗಡಿಯ ಇಲಿ ಪಾಷಾಣದ ಪೊಟ್ಟಣ ದೊಡ್ಡ ಅಪಾಯ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಲ್ಲೆಗಳನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ತೂರಾಡಿಕೊಂಡು ತಿರುಗುತ್ತದೆ. ಅದನ್ನು ಸುಲಭವಾಗಿ ಹಿಡಿದು ತಿಂದ ಮುಂಗುಸಿ, ಪುನುಗು ಬೆಕ್ಕು, ಗೂಬೆಗಳ ಮೈಗೂ ವಿಷ ಸೇರುತ್ತದೆ. ಇಲಿ ಹಿಡಿಯುವವರೇ ಸತ್ತರೆ ಇಲಿ ಹೆಚ್ಚುತ್ತದೆ, ಪೊಟ್ಟಣವೂ ಹೆಚ್ಚುತ್ತದೆ. ಆದ್ದರಿಂದ ಇಲಿ ಕಾಟವಿರುವ ಮನೆಯವರು ಮೊದಲು ಬೋನು ಇಟ್ಟು ನೋಡಲಿ, ಕಾಳುಕಡ್ಡಿಯನ್ನು ತಗಡಿನ ಡಬ್ಬಕ್ಕೆ ಹಾಕಲಿ. ಪಾಷಾಣ ಇಡಲೇಬೇಕಾಗಿ ಬಂದರೆ ಬೆಳಗ್ಗೆ ಎದ್ದು ಸತ್ತ ಇಲಿಗಳನ್ನು ಹುಡುಕಿ, ತಿಪ್ಪೆಗೆ ಎಸೆಯದೆ, ಮೊಳದಾಳದ ಗುಂಡಿ ತೋಡಿ ಹೂಳಲಿ.